38 ಲಕ್ಷವೋ, 44.84 ಲಕ್ಷವೋ?

ಪ್ರಶ್ನೆ: ಮೇಡಂ, ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆ. ಹದಿನಾಲ್ಕು ಮಂದಿ ಇದ್ದೇವೆ. ಲೆಕ್ಕ ಬರೆಯಲು ಹೋದ ವರ್ಷ ಏಪ್ರಿಲ್‌ನಲ್ಲಿ ಟ್ಯಾಲಿ ಬಿಟ್ಟು ಜೋಹೋ ಬುಕ್ಸ್ ಅನ್ನುವ ಸಾಫ್ಟ್‌ವೇರ್‌ಗೆ ಬಂದೆವು. ಈಗ ಮಗನ ಒತ್ತಾಯಕ್ಕೆ ಇನ್ನೊಂದು ಆನ್‌ಲೈನ್ ಸಾಫ್ಟ್‌ವೇರ್ ತೆಗೆದುಕೊಂಡು ಎರಡನ್ನೂ ಜೋಡಿಸಿದ್ದೇವೆ. ಮುಂದಿನ ಆರು ತಿಂಗಳ ಆದಾಯ-ಖರ್ಚಿನ ಅಂದಾಜು ಅದೇ ಹಾಕಿಕೊಡುತ್ತದಂತೆ. ಆದರೆ ಜೂನ್ ತಿಂಗಳ ಮಾರಾಟ ಬುಕ್ಸ್‌ನಲ್ಲಿ 38,00,000 ಇದ್ದರೆ ಅಲ್ಲಿ 44,84,000 ತೋರಿಸುತ್ತಿದೆ. ಕರೆಂಟ್ ಖರ್ಚು ನೋಡಿದರೆ ಅರ್ಧವೂ ಇಲ್ಲ. ಮಾರಿದವರನ್ನು ಕೇಳಿದರೆ ನಿಮ್ಮ ಲೆಕ್ಕದಲ್ಲೇ ತಪ್ಪಿದೆ ಅಂತಾರೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಕ್ಯಾಲ್ಕುಲೇಟರ್ ತೆಗೆದೆ. 38 ಲಕ್ಷಕ್ಕೆ 18 ಪರ್ಸೆಂಟ್ ಅಂದರೆ 6.84 ಲಕ್ಷ. ಕೂಡಿಸಿ ನೋಡಿ, 44.84. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಹೊಸ ಸಾಫ್ಟ್‌ವೇರ್ ನಿಮ್ಮ ಲಾಭ-ನಷ್ಟದ ವರದಿ ಓದುತ್ತಿಲ್ಲ, ಬಿಲ್ಲಿನ ಕೊನೆಯ ಸಾಲು ಓದುತ್ತಿದೆ. ಆ ಸಾಲಿನಲ್ಲಿ ಜಿಎಸ್‌ಟಿಯೂ ಸೇರಿರುತ್ತದೆ ಅಲ್ವಾ? ಅದು ಸರ್ಕಾರದ ದುಡ್ಡು, ನಿಮ್ಮ ಕೈಯಲ್ಲಿ ಸ್ವಲ್ಪ ದಿನ ಇರುತ್ತದೆ ಅಷ್ಟೇ. ಜೋಡಣೆಯ ಸೆಟ್ಟಿಂಗ್‌ಗೆ ಹೋಗಿ ಮಾರಾಟದ ಅಂಕಿಯನ್ನು ಇನ್‌ವಾಯ್ಸ್ ಪಟ್ಟಿಯಿಂದ ಬಿಡಿಸಿ, ಲಾಭ-ನಷ್ಟದ ವರದಿಯಿಂದ ತೆಗೆದುಕೊಳ್ಳುವಂತೆ ಬದಲಿಸಿ.

ಹಾಗಂತ 44.84ನ್ನು ಎಸೆಯಬೇಡಿ. ಲಾಭ ಎಷ್ಟು ಅಂತ ನೋಡುವಾಗ 38 ಬೇಕು. ಬ್ಯಾಂಕಿನಲ್ಲಿ ದುಡ್ಡು ಇರುತ್ತದೋ ಇಲ್ಲವೋ ಅಂತ ನೋಡುವಾಗ 44.84 ಬೇಕು, ಯಾಕೆಂದರೆ ಗಿರಾಕಿ ಚೆಕ್ ಬರೆಯುವುದು ಅಷ್ಟಕ್ಕೇ. ನನ್ನ ಬಳಿ ಬರುವವರಲ್ಲಿ ಮುಕ್ಕಾಲು ಪಾಲು ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೂನ್‌ನಲ್ಲಿ ನೀವು 20 ಲಕ್ಷದ ಕಾಸ್ಟಿಂಗ್ (ಎರಕದ ಭಾಗಗಳು) ಕೊಂಡಿದ್ದೀರಿ ಅಂತ ಇಟ್ಟುಕೊಳ್ಳೋಣ. ಅದರ ಮೇಲೆ ನೀವು ಕೊಟ್ಟ ಜಿಎಸ್‌ಟಿ 3.60 ಲಕ್ಷ. 6.84ರಲ್ಲಿ ಅದನ್ನು ಕಳೆದರೆ ಕಟ್ಟಬೇಕಾದ್ದು 3.24 ಲಕ್ಷ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಜುಲೈ 20ರೊಳಗೆ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ, ಅದನ್ನು ಸರ್ಕಾರ ಕೇಳುವುದಿಲ್ಲ. ನಿಮ್ಮ ದೊಡ್ಡ ಗಿರಾಕಿಗಳು 75 ದಿನಕ್ಕೆ ಕೊಡುವವರಾದರೆ ಜೂನ್ ಕೊನೆಯ ಬಿಲ್ಲಿನ ಹಣ ಬರುವುದು ಸೆಪ್ಟೆಂಬರ್ ಮಧ್ಯದಲ್ಲಿ. ನಡುವಿನ ಎಂಟು ವಾರ ಆ ತೆರಿಗೆ ನಿಮ್ಮ ಕಿಸೆಯಿಂದಲೇ ಹೋಗಿರುತ್ತದೆ. ಅಂದಾಜು ಹಾಕುವ ಸಾಫ್ಟ್‌ವೇರ್‌ನಿಂದ ನಿಮಗೆ ಗೊತ್ತಾಗಬೇಕಾದದ್ದು ಮುಖ್ಯವಾಗಿ ಈ ತೂತು. ಹಾಗಾಗಿ ಜಿಎಸ್‌ಟಿ ಕಟ್ಟುವುದನ್ನು ಅಲ್ಲಿ ಪ್ರತ್ಯೇಕ ಸಾಲಾಗಿ, ಮುಂದಿನ ತಿಂಗಳ 20ನೇ ತಾರೀಖಿಗೆ ಬೀಳುವಂತೆ ಹಾಕಿ. ತಿಂಗಳಿಗೆ 38 ಲಕ್ಷ ಅಂದರೆ ವರ್ಷಕ್ಕೆ ನಾಲ್ಕೂವರೆ ಕೋಟಿ ಚಿಲ್ಲರೆ. 5 ಕೋಟಿಯೊಳಗೆ ಇರುವುದರಿಂದ ನೀವು ಮೂರು ತಿಂಗಳ ರಿಟರ್ನ್ ಆರಿಸಿಕೊಂಡಿದ್ದರೂ ಇರಬಹುದು. ಹಾಗಿದ್ದರೆ ಮೊದಲೆರಡು ತಿಂಗಳ ತೆರಿಗೆಗೆ ಮುಂದಿನ ತಿಂಗಳ 25 ಅಂತ ಹಾಕಿ.

ಉದ್ರಿ ದಿನಗಳ ವಿಷಯ. ಬಿಲ್ಲಿನ ಮೇಲೆ 45 ದಿನ ಅಂತ ಅಚ್ಚಾಗಿರುತ್ತದೆ. ನಿಮ್ಮಂಥ ಸಣ್ಣ ಘಟಕಗಳಿಗೆ 45 ದಿನ ಮೀರದಂತೆ ಕೊಡಬೇಕು ಅಂತ 2006ರ ಎಂಎಸ್‌ಎಂಇಡಿ (ಸಣ್ಣ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯಲ್ಲೂ ಇದೆ. ಆದರೆ ಅಂದಾಜು ಹಾಕುವಾಗ ಕಾಯ್ದೆ ನೋಡಬೇಡಿ, ಗಿರಾಕಿಯ ಮುಖ ನೋಡಿ. ಕಳೆದ ವರ್ಷ ಯಾರು ಎಷ್ಟು ದಿನಕ್ಕೆ ಕೊಟ್ಟರು ಅಂತ ಬುಕ್ಸ್‌ನಲ್ಲೇ ಸಿಗುತ್ತದೆ. ಮೊದಲ ಐದು ಗಿರಾಕಿಗಳಿಗೆ ಅವರವರ ದಿನ ಹಾಕಿ, ಉಳಿದವರಿಗೆಲ್ಲ ಒಂದು ಸರಾಸರಿ ಸಾಕು.

ಇನ್ನು ಕರೆಂಟು. ನೀವು ಪತ್ರದ ಜೊತೆ ಕಳಿಸಿದ ಖಾತೆಗಳ ಪಟ್ಟಿ ನೋಡಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ‘ಪವರ್ ಚಾರ್ಜಸ್’ ಅಂತ ಒಂದಿದೆ. ಕೆಳಗೆ ‘ಹೆಸ್ಕಾಂ’ ಅಂತ ಇನ್ನೊಂದು. ಇನ್ನೂ ಕೆಳಗೆ ‘ಕರೆಂಟ್ ಬಿಲ್ ಶೆಡ್ 2’. ಮೂರೂ ಒಂದೇ ಖರ್ಚು. ಯಾರ್ಯಾರೋ ಬಿಲ್ ಎಂಟ್ರಿ ಮಾಡುವಾಗ ಹುಡುಕಲು ಬೇಸರವಾಗಿ ಹೊಸ ಖಾತೆ ತೆರೆದಿದ್ದಾರೆ. ಬುಕ್ಸ್‌ನಲ್ಲಿ ಇದರಿಂದ ತೊಂದರೆ ಕಾಣುವುದಿಲ್ಲ, ಒಟ್ಟು ಖರ್ಚಿಗೆ ಮೂರೂ ಸೇರುತ್ತವೆ. ಅಂದಾಜಿನ ಸಾಫ್ಟ್‌ವೇರ್‌ನಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಖಾತೆಯನ್ನೂ ಒಂದೊಂದು ಸಾಲಿಗೆ ಕೈಯಿಂದ ಜೋಡಿಸಬೇಕು. ನಿಮ್ಮವರು ‘ಪವರ್ ಚಾರ್ಜಸ್’ ಮಾತ್ರ ಜೋಡಿಸಿರಬೇಕು, ಉಳಿದೆರಡು ಎಲ್ಲಿಗೂ ಸೇರದೆ ನಿಂತಿರುತ್ತವೆ. ಮೂರನ್ನೂ ಒಂದೇ ಸಾಲಿಗೆ ಜೋಡಿಸಿ. ಆಮೇಲೆ ಬುಕ್ಸ್‌ನಲ್ಲಿ ಎರಡನ್ನು ನಿಷ್ಕ್ರಿಯ ಮಾಡಿ, ಹೊಸ ಖಾತೆ ತೆರೆಯುವ ಅಧಿಕಾರ ಒಬ್ಬರಿಗೇ ಕೊಡಿ. ನಾನು ಕೆಲಸ ಕಲಿತಾಗ ಕಿರ್ದಿ ಬರೆಯುತ್ತಿದ್ದ ಗುಮಾಸ್ತರು ಖಾತೆ ಪುಸ್ತಕಕ್ಕೆ ಹೊಸ ಹಾಳೆ ಸೇರಿಸಬೇಕಾದರೆ ಸಾಹುಕಾರರನ್ನು ಕೇಳುತ್ತಿದ್ದರು. ಈಗ ಒಂದು ಬಟನ್ ಒತ್ತಿದರೆ ಆಯಿತು, ಅದೇ ಕಷ್ಟ.

ತಿಂಗಳು ಮುಗಿದ ಮೇಲೆ ಒಂದೇ ಒಂದು ಅಂಕಿ ತಾಳೆ ನೋಡಿ: ನಿವ್ವಳ ಲಾಭ. ಎರಡೂ ಕಡೆ ಒಂದೇ ಬಂದರೆ ಮುಂದೆ ಹೋಗಿ. ಬರದಿದ್ದರೆ ಎಲ್ಲೋ ಒಂದು ಖಾತೆ ಜೋಡಿಸದೆ ಬಿಟ್ಟಿದ್ದೀರಿ. ಇಲ್ಲವೇ ಯಾರೋ ಹಳೆಯ ತಿಂಗಳಿನಲ್ಲಿ ಎಂಟ್ರಿ ಬದಲಿಸಿದ್ದಾರೆ. ಇದಕ್ಕೆ ಬುಕ್ಸ್‌ನಲ್ಲಿ ವ್ಯವಹಾರಗಳಿಗೆ ಬೀಗ ಹಾಕುವ ಸೌಲಭ್ಯವಿದೆ. ಜಿಎಸ್‌ಟಿ ರಿಟರ್ನ್ ಹೋದ ತಕ್ಷಣ ಆ ತಿಂಗಳಿಗೆ ಬೀಗ ಹಾಕಿಬಿಡಿ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಅಂತ ಇದೆಯಾ ಅಂತಲೂ ನೋಡಿ, ಹೊರದೇಶದ ಸಾಫ್ಟ್‌ವೇರ್‌ಗಳು ಸುಮ್ನೆ ಜನವರಿ ಹಿಡಿದುಕೊಂಡಿರುತ್ತವೆ.

ನೀವು ಕೇಳದ ಒಂದು ಮಾತು. ಬುಕ್ಸ್‌ನಲ್ಲಿ ನಿಮ್ಮದು ಹೋದ ಏಪ್ರಿಲ್‌ನಿಂದ ಈಚಿನ ಲೆಕ್ಕ ಮಾತ್ರ ಇದೆ. ಅಂದರೆ ಆ ಸಾಫ್ಟ್‌ವೇರ್ ನೋಡಿರುವುದು ಒಂದೇ ಒಂದು ಮಾರ್ಚ್. ವರ್ಷದ ಕೊನೆಯಲ್ಲಿ ಬಿಲ್ ಏರುವುದು ನಿಮ್ಮಲ್ಲಿ ಪ್ರತಿ ವರ್ಷವೋ, ಆ ಸಲ ಮಾತ್ರವೋ, ಅದಕ್ಕೆ ಹೇಗೆ ಗೊತ್ತಾಗಬೇಕು? ಟ್ಯಾಲಿಯ ಹಳೆಯ ಎರಡು ವರ್ಷದ ಅಂಕಿ ಹಾಕಿ. ಒಂದೊಂದು ಬಿಲ್ಲೂ ಬೇಡ, ಖಾತೆವಾರು ತಿಂಗಳ ಮೊತ್ತ ಸಾಕು. ಎಕ್ಸೆಲ್‌ನಲ್ಲಿ 24 ಕಾಲಂ, ಒಂದು ಮಧ್ಯಾಹ್ನದ ಕೆಲಸ. ಅದನ್ನು ನೇರವಾಗಿ ಅಂದಾಜಿನ ಸಾಫ್ಟ್‌ವೇರ್‌ಗೆ ಏರಿಸಿ, ಬುಕ್ಸ್‌ಗೆ ಏರಿಸಲು ಹೋಗಬೇಡಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಚಕ್ಕುಲಿ, ಕೋಡುಬಳೆ, ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತೇನೆ. ವರ್ಷಕ್ಕೆ 60 ಲಕ್ಷದ ವ್ಯಾಪಾರ. ನನಗೂ ಇಂಥದ್ದು ಬೇಕಾ ಅಕ್ಕಾ?

ಉತ್ತರ: ಬೇಡಮ್ಮಾ. ಒಂದು ಎಕ್ಸೆಲ್ ಹಾಳೆಯಲ್ಲಿ ಮುಂದಿನ 13 ವಾರ ಬರೆದುಕೊಳ್ಳಿ. ಮೇಲೆ ಬರುವ ದುಡ್ಡು, ಕೆಳಗೆ ಹೋಗುವ ದುಡ್ಡು, ಕೊನೆಗೆ ವಾರದ ಬಾಕಿ. ಪ್ರತಿ ಶನಿವಾರ ಹಳೆಯ ವಾರ ಅಳಿಸಿ ಹೊಸ ವಾರ ಸೇರಿಸಿ. ದೀಪಾವಳಿಗೆ ಎಣ್ಣೆ, ಕಡಲೆಹಿಟ್ಟು ಮೊದಲೇ ಕೊಳ್ಳುತ್ತೀರಲ್ಲ, ಆ ವಾರ ಬಾಕಿ ಸೊನ್ನೆಗಿಂತ ಕೆಳಗೆ ಹೋಗುತ್ತದಾ ನೋಡಿ. ಹೋದರೆ ಎಣ್ಣೆ ಅಂಗಡಿಯವರ ಹತ್ತಿರ ಈಗಲೇ ಮಾತಾಡಿ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಜೋಡಣೆ ಚೆನ್ನಾಗಿಯೇ ನಡೆಯುತ್ತಿತ್ತು. ಈಗ ಹತ್ತು ದಿನದಿಂದ ಹೊಸ ಅಂಕಿ ಬರುತ್ತಿಲ್ಲ. ಯಾರೂ ಏನೂ ಮುಟ್ಟಿಲ್ಲ. — ತುಮಕೂರು

ಉತ್ತರ: ಹತ್ತು ದಿನದ ಹಿಂದೆ ಕೆಲಸ ಬಿಟ್ಟವರು ಯಾರು? ನನ್ನ ಊರಲ್ಲಿ ಒಂದು ಕಡೆ ಹೀಗೇ ಆಯಿತು. ಜೋಡಣೆಗೆ ಅನುಮತಿ ಕೊಟ್ಟಿದ್ದು ಅಕೌಂಟ್ಸ್ ಹುಡುಗನ ಲಾಗಿನ್‌ನಿಂದ. ಅವನು ಬೆಂಗಳೂರಿಗೆ ಹೋದ, ಲಾಗಿನ್ ಮುಚ್ಚಿದರು. ಬೀಗದ ಕೈ ಹೋದ ಹಾಗೆ. ಗ್ರಾಫ್ ಮಾತ್ರ ಪರದೆ ಮೇಲೆ ಚೆಂದವಾಗಿಯೇ ಇತ್ತು, ಹಾಗಾಗಿ ಆರು ವಾರ ಯಾರ ಗಮನಕ್ಕೂ ಬರಲಿಲ್ಲ. ಲೆಕ್ಕ ನೋಡುತ್ತಿದ್ದ ನನಗೂ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಮಾಲೀಕರ ಲಾಗಿನ್‌ನಿಂದ ಮತ್ತೆ ಜೋಡಿಸಿ. ಜೋಹೋ ಆದರೆ ಡೇಟಾ ಸೆಂಟರ್ ಯಾವುದು ಅಂತ ಕೇಳಿದಾಗ ಭಾರತ ಆರಿಸಿ, ವಿಳಾಸದ ಕೊನೆಗೆ ಡಾಟ್ ಇನ್ ಇರುವುದು. ಡಾಟ್ ಕಾಮ್ ಆರಿಸಿದರೆ ನಿಮ್ಮ ಕಂಪನಿಯೇ ಅಲ್ಲಿ ಸಿಗುವುದಿಲ್ಲ. ಓದುವ ಅನುಮತಿ ಮಾತ್ರ ಕೊಡಿ, ಬರೆಯುವುದು ಬೇಡ. ಮತ್ತೆ ಜೋಡಿಸಿದ ಮೇಲೆ ಕಳೆದ ಮೂರು ತಿಂಗಳನ್ನೂ ಪೂರ್ತಿ ಎಳೆಸಿ, ಹತ್ತು ದಿನದ್ದು ಮಾತ್ರ ಸಾಲದು.