ಅಪ್ಪನ ಫಿಯಟ್‌ಗೆ ಪಾಲಿಸಿಯಲ್ಲಿ ಎಷ್ಟು ಬೆಲೆ ಬರೆಸಬೇಕು?

ಪ್ರಶ್ನೆ: ನಮ್ಮ ತಂದೆಯವರು 1968ರ ಫಿಯಟ್ 1100 ಡಿಲೈಟ್ ಇಟ್ಟುಕೊಂಡಿದ್ದರು. ಹೋದ ವರ್ಷ ತೀರಿಕೊಂಡರು. ಆಮೇಲೆ ನಾನು ಎರಡೂವರೆ ಲಕ್ಷ ಖರ್ಚು ಮಾಡಿ ಟಿಂಕರಿಂಗ್, ಪೇಂಟಿಂಗ್, ಎಂಜಿನ್ ಕೆಲಸ ಎಲ್ಲ ಮಾಡಿಸಿದೆ. ಭಾನುವಾರ ಬೆಟ್ಟದ ಕಡೆ ಒಂದು ರೌಂಡ್, ನೆಂಟರ ಮದುವೆ, ಅಷ್ಟೇ ಓಡಾಟ. ಏಜೆಂಟು "ಥರ್ಡ್ ಪಾರ್ಟಿ ಸಾಕು ಸರ್, ಫುಲ್ ಮಾಡಿಸಿದರೂ ಮೂವತ್ತು ಸಾವಿರದ ಮೇಲೆ ವ್ಯಾಲ್ಯೂ ಬರಲ್ಲ" ಅನ್ನುತ್ತಾರೆ. ಇನ್ನೊಬ್ಬರು "ವಿಂಟೇಜ್ ಅಂತ ಮಾಡಿಸಿಬಿಡಿ, ಪ್ರೀಮಿಯಂ ಅರ್ಧ ಆಗುತ್ತೆ" ಅಂದರು. ಯಾವುದು ಸರಿ?
– ಒಂಟಿಕೊಪ್ಪಲಿನ ಓದುಗರು, ಮೈಸೂರು

ಉತ್ತರ: ನೀವು ಕೇಳಿದ್ದಕ್ಕಿಂತ ಮೊದಲು ನಾನೊಂದು ಕೇಳುತ್ತೇನೆ. ಆರ್‌ಸಿ ಈಗ ಯಾರ ಹೆಸರಲ್ಲಿದೆ? ಪತ್ರದಲ್ಲಿ ಆ ವಿಷಯವೇ ಇಲ್ಲ. ಇನ್ನೂ ತಂದೆಯವರ ಹೆಸರಲ್ಲೇ ಇದ್ದರೆ ಉಳಿದ ಮಾತೆಲ್ಲ ಆಮೇಲೆ. ಮಾಲೀಕರು ತೀರಿಕೊಂಡ ಮೇಲೆ ಅವರ ಹೆಸರಿನ ಪಾಲಿಸಿ ಮೂರು ತಿಂಗಳು, ಇಲ್ಲವೇ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ. ಆರ್‌ಟಿಒಗೆ 30 ದಿನದೊಳಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಡಬೇಕು. ತಡವಾಗಿದ್ದರೂ ಹೋಗಿ ಮಾಡಿಸಿ. ಮರಣ ಪ್ರಮಾಣಪತ್ರದ ಜೊತೆ ಅಕ್ಕ, ತಮ್ಮಂದಿರ ಒಪ್ಪಿಗೆ ಪತ್ರವೂ ಇರಲಿ. ಹಾಗೇ ಆರ್‌ಸಿ ತಾರೀಖನ್ನೂ ನೋಡಿಬಿಡಿ. ಖಾಸಗಿ ಕಾರಿಗೆ ಮೊದಲ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ತೀರಿಕೊಂಡವರ ಹೆಸರಿನ, ಅವಧಿ ಮುಗಿದ ಆರ್‌ಸಿ ಹಿಡಿದುಕೊಂಡು ಕ್ಲೇಮಿಗೆ ಬಂದವರನ್ನು ನಾನು ವಿಮಾ ಸರ್ವೇಯರ್, ಅಂದರೆ ಗಾಡಿ ನೋಡಿ ನಷ್ಟ ಅಳೆಯುವವನು, ಆಗಿದ್ದಾಗ ಸಾಕಷ್ಟು ನೋಡಿದ್ದೇನೆ. ಪ್ರೀಮಿಯಂ ಮಾತ್ರ ತಪ್ಪದೆ ಕಟ್ಟಿರುತ್ತಾರೆ, ಪಾಪ.

ಈಗ ಏಜೆಂಟ್ ಮಾತಿಗೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಂಪ್ಯೂಟರ್ ಹೇಳಿದ್ದನ್ನು ಹೇಳುತ್ತಿದ್ದಾರೆ. ಹೊಸ ಕಾರಿಗೆ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಯುವ ಬೆಲೆ, ಲೆಕ್ಕ ಹಾಕೋಕೆ ಒಂದು ಪಟ್ಟಿ ಇದೆ. ಮೊದಲ ಆರು ತಿಂಗಳಿಗೆ ನೂರಕ್ಕೆ 5, ವರ್ಷದೊಳಗೆ 15, ಹೀಗೆ ಸವಕಳಿ ಕಳೆಯುತ್ತಾ ಹೋಗಿ ನಾಲ್ಕರಿಂದ ಐದನೇ ವರ್ಷಕ್ಕೆ 50. ಅಲ್ಲಿಗೆ ಪಟ್ಟಿ ಮುಗಿಯಿತು. ಐದು ವರ್ಷ ದಾಟಿದ ಗಾಡಿಗೆ, ಕಂಪನಿ ತಯಾರಿಸುವುದನ್ನೇ ನಿಲ್ಲಿಸಿದ ಮಾಡೆಲ್‌ಗೆ, ಬೆಲೆ ನಿಗದಿ ಆಗುವುದು ನಿಮಗೂ ವಿಮಾ ಕಂಪನಿಗೂ ಆಗುವ ಒಪ್ಪಂದದಿಂದ. ಅಂದರೆ ನೀವು ಚೌಕಾಸಿ ಮಾಡಬಹುದು! ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಗೆ ಚೌಕಾಸಿ ಮಾಡುವವರು ಇಲ್ಲಿ ಮಾತ್ರ ಏಜೆಂಟ್ ಹೇಳಿದ ಅಂಕಿಗೆ ತಲೆಯಾಡಿಸಿ ಬರುತ್ತಾರೆ.

ಒಂದು ಸಲ ಒಪ್ಪಿ ಬರೆದ ಮೇಲೆ, ಗಾಡಿ ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಆ ವರ್ಷವಿಡೀ ಅದೇ ಅಂಕಿಯೇ ಮಾರುಕಟ್ಟೆ ಬೆಲೆ. ಅದರ ಮೇಲೆ ಮತ್ತೆ ಸವಕಳಿ ಕಳೆಯುವ ಹಾಗಿಲ್ಲ. ಆದ್ದರಿಂದ ಯಾವ ಕಂಪನಿ ಅನ್ನುವುದಕ್ಕಿಂತ ಪಾಲಿಸಿಯಲ್ಲಿ ಯಾವ ಅಂಕಿ ಇದೆ, ಅದಕ್ಕೆ ನಿಮ್ಮ ಹತ್ತಿರ ಏನು ಆಧಾರ ಇದೆ ಅನ್ನುವುದೇ ನನಗೆ ಮುಖ್ಯ.

ಅಂಕಿ ಚಿಕ್ಕದಾದರೆ ಏನಾಗುತ್ತೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಯಾದವಗಿರಿಯಲ್ಲಿ ಒಂದು ಮನೆಯ ಮುಂದೆ 1974ರ ಅಂಬಾಸಿಡರ್ ನಿಂತಿತ್ತು. ಏಪ್ರಿಲ್ ಮಳೆ, ಗಾಳಿ. ಗುಲ್‌ಮೊಹರ್ ಕೊಂಬೆ ಮುರಿದು ನೇರ ಚಾವಣಿಯ ಮೇಲೆ ಬಿತ್ತು. ನಾನು ಹೋದಾಗ ಬಾನೆಟ್ ಮೇಲೆಲ್ಲ ಕೆಂಪು ಹೂವು ಅಂಟಿಕೊಂಡಿತ್ತು, ಮುಂದಿನ ಗಾಜು ಪುಡಿಯಾಗಿ ಸೀಟಿನ ಮೇಲೆ ಬಿದ್ದಿತ್ತು. ಯಜಮಾನರು ಸ್ಟಾರ್ಟ್ ಮಾಡಿ ತೋರಿಸಿದರು, ಎಂಜಿನ್ ಗಡಿಯಾರದ ಥರ ನಡೆಯುತ್ತಿತ್ತು. ಗ್ಯಾರೇಜ್‌ನವರ ಎಸ್ಟಿಮೇಟ್ 92 ಸಾವಿರ. ಪಾಲಿಸಿಯಲ್ಲಿ ಐಡಿವಿ 40 ಸಾವಿರ. ರಿಪೇರಿ ಖರ್ಚು ಐಡಿವಿಯ ನೂರಕ್ಕೆ 75 ದಾಟಿದರೆ ಗಾಡಿ ಪೂರ್ತಿ ನಷ್ಟ ಅಂತಲೇ ಲೆಕ್ಕ. 40 ಸಾವಿರಕ್ಕೆ ಆ ಗೆರೆ 30 ಸಾವಿರ. ಇನ್ನೇನು ಉಳಿಯಿತು? 1500 ಸಿಸಿವರೆಗಿನ ಕಾರಿಗೆ ಕ್ಲೇಮಿನಲ್ಲಿ ಮಾಲೀಕರೇ ಹೊರಬೇಕಾದ 1,000 ಕಳೆದರೆ 39 ಸಾವಿರ. "ಗಾಡಿ ಮಾತ್ರ ಕೊಡಲ್ಲ ಕಣ್ರೀ, ನನ್ನ ಮದುವೆ ಆಗಿದ್ದೇ ಇದರಲ್ಲಿ" ಅಂದರು ಯಜಮಾನರು. ಗಾಡಿ ಉಳಿಸಿಕೊಂಡರೆ ಗುಜರಿ ಬೆಲೆ ಕಳೆಯಬೇಕು, ಅದು 15 ಸಾವಿರ. ಕೈಗೆ ಬಂದದ್ದು 24 ಸಾವಿರ. ಐಡಿವಿ ಒಂದೂವರೆ ಲಕ್ಷ ಬರೆಸಿದ್ದರೆ ಅದು ಬರೀ ರಿಪೇರಿ ಕ್ಲೇಮ್ ಆಗುತ್ತಿತ್ತು, ಗುಜರಿ ಬೆಲೆ ಕಳೆಯದೆಯೇ ಗಾಡಿ ಅವರ ಹತ್ತಿರ ಉಳಿಯುತ್ತಿತ್ತು. ನಿಯಮದ ಪ್ರಕಾರ ರಿಪೋರ್ಟ್ ಬರೆದವನು ನಾನೇ. ಬರೆದು ಸಮಾಧಾನ ಆಗಲಿಲ್ಲ.

ಹಾಗಂತ ನಿಮ್ಮ ಫಿಯಟ್‌ಗೆ ಹತ್ತು ಲಕ್ಷ ಬರೆಸಬೇಡಿ. ಶ್ರೀರಂಗಪಟ್ಟಣದ ಹತ್ತಿರದ ಹಳೆ ಕಾರುಗಳ ಪಯಣ ಮ್ಯೂಸಿಯಂ ನೋಡಿಕೊಂಡು ಬಂದವರಿಗೆಲ್ಲ ತಮ್ಮ ಮನೆ ಕಾರು ಕೋಟಿ ಬಾಳುತ್ತೆ ಅನ್ನಿಸುವುದು ಸಹಜ. ಖರ್ಚು ಮಾಡಿದ್ದೇ ಬೆಲೆಯೂ ಅಲ್ಲ. ಅದೇ ಮಾಡೆಲ್, ಅದೇ ಸ್ಥಿತಿಯ ಗಾಡಿ ಇವತ್ತು ಎಷ್ಟಕ್ಕೆ ಕೈ ಬದಲಾಗುತ್ತಿದೆ ಅನ್ನುವುದೇ ಬೆಲೆ. ಸಣ್ಣಪುಟ್ಟ ಡೆಂಟಿಗೆ ಐಡಿವಿ ಜಾಸ್ತಿ ಇದ್ದ ಮಾತ್ರಕ್ಕೆ ಜಾಸ್ತಿ ದುಡ್ಡು ಬರುವುದಿಲ್ಲ, ಪ್ರೀಮಿಯಂ ಮಾತ್ರ ಏರುತ್ತದೆ.

ಕಂಪನಿಯನ್ನು ಒಪ್ಪಿಸೋದು ಹೇಗೆ? ಆನ್‌ಲೈನ್‌ನಲ್ಲಿ ಸುಮ್ನೆ ಒದ್ದಾಡಬೇಡಿ. ಅಲ್ಲಿನ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹೆಸರೇ ಇಲ್ಲದಿರಬಹುದು. ಕಡತ ಹಿಡಿದು ಶಾಖೆಗೇ ಹೋಗಿ. ನಾನಾದರೆ ಸರ್ಕಾರಿ ಸ್ವಾಮ್ಯದ ನಾಲ್ಕು ಕಂಪನಿಗಳಿಂದ ಶುರು ಮಾಡುತ್ತೇನೆ: ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ. ಕಡತದಲ್ಲಿ ಪರವಾನಗಿ ಇರುವ ಸರ್ವೇಯರ್ ಅಥವಾ ವ್ಯಾಲ್ಯುಯರ್ ಕೊಟ್ಟ ಮೌಲ್ಯಮಾಪನ ವರದಿ ಇರಲಿ. ರಿಪೇರಿ ಬಿಲ್ಲುಗಳಿರಲಿ. ಕೆಲಸ ಶುರುವಾಗುವ ಮೊದಲು, ತಗಡು ಬಿಚ್ಚಿದಾಗ, ಮುಗಿದ ಮೇಲೆ ತೆಗೆದ ಫೋಟೋಗಳಿರಲಿ. ಚಾಸಿಸ್ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಒಂದು ಇರಲಿ. ಹಳೆ ಗಾಡಿಯಲ್ಲಿ ಆ ತಗಡಿನ ಮೇಲೆ ನಾಲ್ಕು ಪದರ ಪೇಂಟ್ ಕೂತಿರುತ್ತದೆ, ನಂಬರ್ ಓದೋಕೇ ಆಗಲ್ಲ. ಪೇಂಟರ್‌ಗೆ ಹೇಳಿ ಮೊದಲೇ ಆ ಜಾಗ ಕೆರೆಸಿಟ್ಟುಕೊಳ್ಳಿ. ಈಗಿನ ಪಾಲಿಸಿ ಮುಗಿದು ಹೋಗಿದ್ದರೆ ಕಂಪನಿಯವರು ಗಾಡಿ ನೋಡಿದ ಮೇಲೆಯೇ ಹೊಸದು ಕೊಡುವುದು.

ಖರ್ಚು ಎಷ್ಟಾಗುತ್ತೆ ಅಂತ ಒಂದು ಅಂದಾಜು. ಹಳೆಯ ಟ್ಯಾರಿಫ್, ಅಂದರೆ ಎಲ್ಲ ಕಂಪನಿಗೂ ಒಂದೇ ಆಗಿದ್ದ ದರಪಟ್ಟಿಯ ಪ್ರಕಾರ ಹತ್ತು ವರ್ಷ ದಾಟಿದ, 1000ದಿಂದ 1500 ಸಿಸಿ ಒಳಗಿನ ಕಾರಿಗೆ ಮೈಸೂರಿನಂಥ ಬಿ ವಲಯದಲ್ಲಿ ಓನ್ ಡ್ಯಾಮೇಜ್ (ನಿಮ್ಮ ಗಾಡಿಗೇ ಆಗುವ ಹಾನಿಯ ಕವರ್) ದರ ಐಡಿವಿಯ ನೂರಕ್ಕೆ ಸುಮಾರು ಮೂರೂವರೆ ರೂಪಾಯಿ. ಬೆಂಗಳೂರು ಎ ವಲಯ, ಅಲ್ಲಿ ಸ್ವಲ್ಪ ಜಾಸ್ತಿ. ಈಗ ಕಂಪನಿಗಳೇ ಹೆಚ್ಚುಕಮ್ಮಿ ಮಾಡುತ್ತವೆ, ಆದರೂ ಮಾತು ಶುರು ಮಾಡೋಕೆ ಈ ಲೆಕ್ಕ ಸಾಕು. ಮೂರು ಲಕ್ಷಕ್ಕೆ ಹತ್ತು ಸಾವಿರದ ಆಸುಪಾಸು. ನಿಮ್ಮದು 1089 ಸಿಸಿ, 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 3,416 ರೂಪಾಯಿ. ಬೇರೆ ಅಪಘಾತ ವಿಮೆ ಇಲ್ಲದಿದ್ದರೆ ಮಾಲೀಕ-ಚಾಲಕರ 15 ಲಕ್ಷದ ಕವರ್ ಕೂಡ ತೆಗೆದುಕೊಳ್ಳಬೇಕು. ಎಲ್ಲದರ ಮೇಲೆ 18% ಜಿಎಸ್‌ಟಿ. ಬರೀ ಥರ್ಡ್ ಪಾರ್ಟಿಯಲ್ಲಿ ನಿಮ್ಮ ಗಾಡಿಗೆ ಒಂದು ಪೈಸೆಯೂ ಬರುವುದಿಲ್ಲ, ನಿಮ್ಮಿಂದ ಬೇರೆಯವರಿಗೆ ಆದದ್ದಕ್ಕೆ ಮಾತ್ರ. ಎರಡೂವರೆ ಲಕ್ಷ ಸುರಿದವರು ಅಲ್ಲಿಗೇ ನಿಲ್ಲಬಾರದು ಅಂತ ನನ್ನ ಅಭಿಪ್ರಾಯ.

ಫುಲ್ ಇನ್ಶೂರೆನ್ಸ್ ಅಂದರೂ ಪೂರ್ತಿ ದುಡ್ಡು ಬರಲ್ಲ ಅನ್ನೋದು ಗೊತ್ತಿರಲಿ. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಬಿಡಿಭಾಗಕ್ಕೆ ಅರ್ಧ ಕಡಿತ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ ಅರ್ಧ. ಗಾಜಿಗೆ ಕಡಿತ ಇಲ್ಲ. ಈ ಕಡಿತ ತಪ್ಪಿಸುವ ಜೀರೋ ಡೆಪ್ ಕವರ್ ಹಳೆ ಗಾಡಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಕೂಲಿಗೆ ಸವಕಳಿ ಇಲ್ಲ! ಹಳೆ ಫಿಯಟ್ ರಿಪೇರಿಯಲ್ಲಿ ಜಾಸ್ತಿ ಖರ್ಚು ಯಾವುದಕ್ಕೆ? ತಟ್ಟಿ ಸರಿ ಮಾಡುವ ಟಿಂಕರ್ ಕೂಲಿಗೆ. ನಮ್ಮ ಗ್ಯಾರೇಜ್‌ನವರು "ಮಡ್‌ಗಾರ್ಡ್ ಕೆಲಸ, 18,000" ಅಂತ ಒಂದೇ ಸಾಲಲ್ಲಿ ಬರೆದು ಕೊಡುತ್ತಾರೆ. ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿ. ಗುಜರಿಯಿಂದ ತಂದ ಗ್ರಿಲ್‌ಗೆ ಬಿಲ್ ಇರುವುದಿಲ್ಲ ಅಲ್ವಾ, ಅದನ್ನು ಹಾಕಿಸುವ ಮೊದಲೇ ಸರ್ವೇಯರ್‌ಗೆ ಹೇಳಿ. ಆಮೇಲೆ ಹೇಳಿದರೆ ಜಗಳ.

ವಿಂಟೇಜ್ ವಿಷಯದಲ್ಲಿ ಆ ಇನ್ನೊಬ್ಬರು ಹೇಳಿದ್ದರಲ್ಲಿ ನಿಜ ಇದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿಸ್, ಬಾಡಿ, ಎಂಜಿನ್ ಬದಲಾಗದ ಖಾಸಗಿ ಗಾಡಿ ವಿಂಟೇಜ್ ಆಗಬಹುದು. ಹೊಸ ನೋಂದಣಿಗೆ 20,000, ಮರು ನೋಂದಣಿಗೆ 5,000 ರೂಪಾಯಿ, ಹತ್ತು ವರ್ಷ ಮಾನ್ಯ. ಆರ್‌ಸಿಯಲ್ಲಿ ವಿಂಟೇಜ್ ಅಂತ ಬಂದರೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ. ಅರ್ಧ ಅಂದರೆ ಎಷ್ಟು? ನಿಮಗೆ ಉಳಿಯುವುದು ವರ್ಷಕ್ಕೆ 1,708 ರೂಪಾಯಿ. ಓನ್ ಡ್ಯಾಮೇಜ್‌ನಲ್ಲಿ ನೂರಕ್ಕೆ 25 ರಿಯಾಯಿತಿ ಅಂತ ಕೇಳಿರುತ್ತೀರಿ, ಅದು ಬೇರೆ ವಿಂಟೇಜ್. ಹಳೆಯ ಟ್ಯಾರಿಫ್‌ನಲ್ಲಿ ಅದು 1940ರ ಕೊನೆಯೊಳಗೆ ತಯಾರಾಗಿ, ವಿಂಟೇಜ್ ಕ್ಲಬ್ಬಿನ ಪ್ರಮಾಣಪತ್ರ ಇರುವ ಕಾರಿಗೆ. 1968ರ ಫಿಯಟ್ ಅದರ ಮುಂದೆ ಮಗು.

ಆ 1,708 ರೂಪಾಯಿಗೆ ಪ್ರತಿಯಾಗಿ ನೀವು ಬಿಟ್ಟುಕೊಡುವುದೇನು ಗೊತ್ತಾ? ನಿಮ್ಮ ಭಾನುವಾರ. ವಿಂಟೇಜ್ ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ, ಸಂಶೋಧನೆ, ಇಷ್ಟಕ್ಕೇ ರಸ್ತೆ. ವಾರವಾರ ಬೆಟ್ಟಕ್ಕೆ ಹೋಗುವವರಿಗೆ ಅದು ಹೊಂದುವುದಿಲ್ಲ. ಮಾಮೂಲಿ ನೋಂದಣಿಯಲ್ಲೇ ಇರಿ.

ಮದುವೆ ಅಂದಿರಲ್ಲ, ಅದಕ್ಕೂ ಒಂದು ಮಾತು. ತಂಗಿ ಮಗಳ ಮದುವೆಗೆ ಹೂವು ಕಟ್ಟಿಸಿ ಕಳಿಸಿ, ಓಡಿಸುವವರಿಗೆ ಲೈಸೆನ್ಸ್ ಇದ್ದರೆ ತೊಂದರೆ ಇಲ್ಲ. ಆದರೆ ಲಲಿತಮಹಲ್ ಮುಂದೆ ಪ್ರೀ-ವೆಡ್ಡಿಂಗ್ ಶೂಟಿಗೆ ಐದು ಸಾವಿರ ಇಸಿದುಕೊಂಡು ಕೊಟ್ಟಿರೋ, ಅದು ಬಾಡಿಗೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಡಾಟವನ್ನು ಒಪ್ಪುವುದಿಲ್ಲ. ಅವತ್ತೇ ಏನಾದರೂ ಆದರೆ ಫೋಟೋಗ್ರಾಫರ್ ಹಾಕಿದ ಇನ್‌ಸ್ಟಾಗ್ರಾಂ ಫೋಟೋನೇ ನಿಮ್ಮ ವಿರುದ್ಧ ಸಾಕ್ಷಿ.

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮ ಹಳ್ಳಿ ಮನೆಯಲ್ಲಿ 1978ರ ಅಂಬಾಸಿಡರ್ ಇದೆ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದೇವೆ. ಹಬ್ಬಕ್ಕೆ, ಜಾತ್ರೆಗೆ ವರ್ಷಕ್ಕೆ ಎರಡು ಮೂರು ಸಲ ಹೊರಗೆ ತೆಗೆಯುತ್ತೇವೆ. ಇದಕ್ಕೂ ವಿಮೆ ಬೇಕಾ?
– ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಎರಡು ಸಲ ಅಲ್ಲ, ಒಂದು ಸಲ ರಸ್ತೆಗೆ ತಂದರೂ ಥರ್ಡ್ ಪಾರ್ಟಿ ಬೇಕೇ ಬೇಕು. ಅದು ಕಾನೂನು. ಜಾತ್ರೆ ಜನಸಂದಣಿಯಲ್ಲಿ ಯಾರಿಗಾದರೂ ತಾಗಿದರೆ ಪರಿಹಾರ ಕಟ್ಟೋಕೆ ಗದ್ದೆ ಮಾರಬೇಕಾದೀತು.

ಉಳಿದ ದಿನ ಕೊಟ್ಟಿಗೆಯಲ್ಲೇ ನಿಂತಿರುವ ಗಾಡಿಗೆ ದೊಡ್ಡ ಭಯ ಬೆಂಕಿ ಮತ್ತು ಕಳ್ಳತನ. ಪಕ್ಕದಲ್ಲೇ ಹುಲ್ಲಿನ ಮೆದೆ ಇರಬೇಕು, ಅಲ್ವಾ? ಫುಲ್ ಪಾಲಿಸಿ ದುಬಾರಿ ಅನ್ನಿಸಿದರೆ ಥರ್ಡ್ ಪಾರ್ಟಿ ಜೊತೆಗೆ ಬೆಂಕಿ, ಕಳವು ಮಾತ್ರ ಸೇರಿಸಿ ಕೊಡುತ್ತೀರಾ ಅಂತ ಶಾಖೆಯಲ್ಲಿ ಕೇಳಿ. ತಾನಾಗಿ ಹೊತ್ತಿಕೊಂಡ ಬೆಂಕಿಗೂ ಪರಿಹಾರ ಇದೆ. ಆದರೆ ಬೆಂಕಿ ಹೊತ್ತದೆ ಬರೀ ವೈರಿಂಗ್ ಸುಟ್ಟರೆ ಅದು ವಿದ್ಯುತ್ ದೋಷ ಅಂತ ಕೈಬಿಡುತ್ತಾರೆ. ನಿಂತ ಗಾಡಿಯ ವೈರನ್ನು ಇಲಿ ಕಡಿಯುವುದು ನಮ್ಮ ಕಡೆ ಮಾಮೂಲಿ, ಹಾಗಾಗಿ ಬ್ಯಾಟರಿ ಟರ್ಮಿನಲ್ ಬಿಚ್ಚಿಡಿ.

ಡೀಸೆಲ್ ಎಂಜಿನ್ ಆರ್‌ಸಿಗೆ ಏರಿದೆಯಾ? ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್ ಅಂತ ಇದ್ದರೆ, ಎಂಜಿನ್ ನಂಬರ್ ಹೊಂದದಿದ್ದರೆ, ಮೊದಲು ಆರ್‌ಟಿಒದಲ್ಲಿ ಸರಿ ಮಾಡಿಸಿ, ಆಮೇಲೆ ಪಾಲಿಸಿ. ಸಿಸಿ 1500 ದಾಟಿದರೆ ಥರ್ಡ್ ಪಾರ್ಟಿ ದರ 7,897ಕ್ಕೆ ಏರುತ್ತದೆ ಅಂತ ಸುಮ್ಮನಿರಬೇಡಿ. 2028ಕ್ಕೆ ಗಾಡಿಗೆ 50 ತುಂಬಿದರೂ ಎಂಜಿನ್ ಬದಲಾಗಿರುವುದರಿಂದ ವಿಂಟೇಜ್ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಬೆಂಗಳೂರಿನ ರ‍್ಯಾಲಿಗೆ ಲಾರಿ ಮೇಲೆ ಹಾಕಿಕೊಂಡು ಹೋಗಬೇಕು ಅಂತಿದ್ದೇನೆ. ಪಾಲಿಸಿ ನಡೆಯುತ್ತಾ?
– ಕುವೆಂಪುನಗರದ ಓದುಗರು, ಮೈಸೂರು

ಉತ್ತರ: ಲಾರಿ ಮೇಲೆ ಸಾಗಿಸುವಾಗ ಆಗುವ ಹಾನಿ ಫುಲ್ ಪಾಲಿಸಿಯಲ್ಲೇ ಬರುತ್ತದೆ. ಹತ್ತಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ, ಹಗ್ಗವನ್ನು ಬಂಪರ್‌ಗೆ ಕಟ್ಟಲು ಬಿಡಬೇಡಿ. ರ‍್ಯಾಲಿ ಅಂದರೆ ಮೆರವಣಿಗೆ ಥರ ಸಾಲಾಗಿ ಹೋಗಿ ಬರುವುದಾದರೆ ಚಿಂತೆ ಇಲ್ಲ. ಸಮಯ ಗುರುತಿಸಿ ಬಹುಮಾನ ಕೊಡುವ ಸ್ಪರ್ಧೆಯಾದರೆ ಮಾಮೂಲಿ ಪಾಲಿಸಿ ಅಲ್ಲಿಗೆ ನಿಲ್ಲುತ್ತದೆ. ಅದಕ್ಕೆ ಐಎಂಟಿ 31 ಅನ್ನುವ ಪ್ರತ್ಯೇಕ ಎಂಡೋರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು, ಇದೆ. ಸಂಘಟಕರ ಆಹ್ವಾನ ಪತ್ರದ ಒಂದು ಪ್ರತಿ ಹಿಡಿದು ಹೊರಡುವ ವಾರ ಮೊದಲೇ ಶಾಖೆಗೆ ಹೋಗಿ ಕೇಳಿ. ಹಿಂದಿನ ದಿನ ಸಂಜೆ ಐದಕ್ಕೆ ಹೋದರೆ ಆ ನಂಬರ್ ಹೇಳಿದರೂ ಹುಡುಕಿ ಕೊಡುವವರು ಸಿಗಲಿಕ್ಕಿಲ್ಲ.