ಜಾಹೀರಾತು ಕಂಪನಿಯದು, ಬೈಗುಳ ಅಂಗಡಿಯವರಿಗೆ

ಅಕ್ಕಾರೇ, ನಮಸ್ಕಾರ.

ಬಾಗಲಕೋಟೆಯ ಹಳೇ ಪೇಟೆಯಿಂದ ನೀವು ಬರೆದ ಪತ್ರ ತಲುಪಿತು. ಯಾವುದೋ ಜಾಹೀರಾತು ನೋಡಿ ಸಿಟ್ಟಾದ ಓಣಿಯ ಹುಡುಗರು ನಿಮ್ಮ ಕಿರಾಣಿ ಅಂಗಡಿಗೆ ಬಂದು, 'ಈ ಕಂಪನಿ ಸಾಮಾನು ಇಡಬ್ಯಾಡ್ರಿ' ಎಂದು ಜೋರು ಮಾಡಿ ಹೋಗಿದ್ದಾರೆ. ರೊಕ್ಕ ಕೊಟ್ಟು ತಂದ ಮಾಲು ಹಾಗೇ ಉಳಿದಿದೆ. 'ಸಾಬೂನು ಮಾರೋರಿಗೆ ಸಮಾಜದ ಉಸಾಬರಿ ಯಾಕ್ರಿ? ಗಿರಾಕಿಗಳು ಇದನ್ನೆಲ್ಲ ನೋಡಿ ಕೊಳ್ತಾರೇನು?' ಎಂದು ಕೇಳಿದ್ದೀರಿ.

ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಿಟ್ಟು ಬಂದವರು ನೋಡುತ್ತಾರೆ. ಮೆಚ್ಚಿದವರು ಅಷ್ಟಾಗಿ ನೋಡುವುದಿಲ್ಲ. ಸಂಶೋಧಕ ಸೌರ್ಜೊ ಮುಖರ್ಜಿ ಮತ್ತು ಅವರ ಜೊತೆಗಾರರೊಬ್ಬರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಕಂಪನಿಯ ನಿಲುವು ಒಪ್ಪದವರಿಗೆ ಆ ಬ್ರ್ಯಾಂಡ್ ಮೇಲಿನ ಅಭಿಮಾನ ಇಳಿಯಿತು. ಒಪ್ಪಿದವರಿಗೆ ಹೇಳಿಕೊಳ್ಳುವಷ್ಟು ಏರಲಿಲ್ಲ. ನಿಮ್ಮಲ್ಲಿ ಆದದ್ದೂ ಅದೇ ಅಲ್ವಾ? ಬೈಯುವವರು ಬಾಗಿಲಿಗೆ ಬಂದರು. ಜಾಹೀರಾತು ಇಷ್ಟಪಟ್ಟವರು ಎಂದಿನಂತೆ ಒಂದೇ ಪಾಕೀಟು ಒಯ್ದರು.

ಇನ್ನು ಉಸಾಬರಿಯ ಮಾತು. ಅದು ಹೊಸದೇನಲ್ಲ ಅಕ್ಕಾರೇ. ಫೇರ್ ಅಂಡ್ ಲವ್ಲಿ ಬಂದದ್ದು 1975ರಲ್ಲಿ. ಬೆಳ್ಳಗಾದರೆ ಗಂಡು ಸಿಗುತ್ತಾನೆ, ನೌಕರಿ ಸಿಗುತ್ತದೆ ಎಂದು ವರ್ಷಗಟ್ಟಲೆ ಟಿವಿಯಲ್ಲಿ ತೋರಿಸಿದರು. ಅದೂ ಸಮಾಜಕ್ಕೆ ಹೇಳಿದ ಪಾಠವೇ. ಹುಡುಗಿ ನೋಡಲು ಬಂದವರು 'ಬಣ್ಣ ಸ್ವಲ್ಪ ಕಡಿಮಿ' ಎಂದಾಗ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡ ಮಗಳಿಗೆ ಆ ಪಾಠ ಎಷ್ಟು ನೋಯಿಸಿತು ಎಂದು ಗೊತ್ತು. ಆಗ ಯಾರೂ ನಿಮ್ಮ ಅಂಗಡಿಗೆ ಬಂದು ಆ ಟ್ಯೂಬ್ ತೆಗೀರಿ ಅನ್ನಲಿಲ್ಲ. 2020ರಲ್ಲಿ, ಅಮೆರಿಕದಲ್ಲಿ ಕಪ್ಪು ಜನರ ಮೇಲಿನ ದೌರ್ಜನ್ಯದ ವಿರುದ್ಧ ಹೋರಾಟ ಎದ್ದ ಹೊತ್ತಿನಲ್ಲಿ, ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಬದಲಾದದ್ದು ಒಳ್ಳೆಯದೇ. ತೀರಾ ತಡವಾಯಿತು.

ಆ ಕ್ರೀಮ್ ಮಾಡುವ ಹಿಂದೂಸ್ತಾನ್ ಯೂನಿಲಿವರ್ ಕಂಪನಿಯದೇ ಇನ್ನೊಂದು ಜಾಹೀರಾತು 2019ರ ಹೋಳಿ ಹೊತ್ತಿಗೆ ಬಂದ ಸರ್ಫ್ ಎಕ್ಸೆಲ್‌ನದು. ಸೈಕಲ್ ಮೇಲಿನ ಪುಟ್ಟ ಹುಡುಗಿ ಓಣಿಯ ಮಕ್ಕಳಿಗೆಲ್ಲ ತನ್ನ ಮೇಲೇ ಬಣ್ಣ ಎರಚಲು ಬಿಡುತ್ತಾಳೆ. ಅವರ ಬಣ್ಣ ಖಾಲಿಯಾದ ಮೇಲೆ ಬಿಳಿ ಬಟ್ಟೆಯ ಮುಸ್ಲಿಂ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ನಮಾಜಿಗೆ ಬಿಡುತ್ತಾಳೆ. ಅದಕ್ಕೂ ಬಹಿಷ್ಕಾರದ ಕೂಗು ಎದ್ದಿತು. ಹಲಗೆ ಬಾರಿಸುತ್ತಾ ಬಣ್ಣದ ಬಂಡಿ ಎಳೆಯುವ ಬಾಗಲಕೋಟೆಯ ಮಂದಿಗೆ ಅದರಲ್ಲಿ ತಪ್ಪೇನು ಕಾಣಬೇಕೋ ನನಗೆ ತಿಳಿಯದು. ಬಟ್ಟೆಯ ಕಲೆ ತೆಗೆಯುವ ಪುಡಿ, ಗೆಳೆಯನಿಗಾಗಿ ಮೈತುಂಬ ಕಲೆ ಮಾಡಿಕೊಂಡ ಹುಡುಗಿ. ಮಾತು ಮಾಲಿಗೆ ಹೊಂದಿಕೊಂಡಿತ್ತು. ಹಾಗೆ ಹೊಂದದೆ, ಸುಮ್ನೆ ಯಾವುದೋ ದಿನಾಚರಣೆಗೆ ಒಂದು ಪೋಸ್ಟರ್ ಹಾಕಿದರೆ ಗಿರಾಕಿಗೆ ಕೂಡಲೇ ಅನುಮಾನ ಬರುತ್ತದೆ. ಬರಲೂ ಬೇಕು.

ಒಡವೆ ಮಾರುವ ತನಿಷ್ಕ್‌ನದು ಬೇರೆ ಕಥೆ. ಮುಸ್ಲಿಂ ಅತ್ತೆ ಹಿಂದೂ ಸೊಸೆಗೆ ಅವಳ ಪದ್ಧತಿಯಂತೆ ಕುಬಸ ಮಾಡುವ ಜಾಹೀರಾತು 2020ರ ಅಕ್ಟೋಬರ್‌ನಲ್ಲಿ ಬಂತು. ಗದ್ದಲ ಎದ್ದ ಕೂಡಲೇ ಹಿಂದಕ್ಕೆ ಪಡೆದರು. ನೌಕರರು, ಅಂಗಡಿ ಸಿಬ್ಬಂದಿಯ ಕ್ಷೇಮವನ್ನೂ ಕಾರಣವಾಗಿ ಕೊಟ್ಟರು. ಅಳುಕಿದರು ಎಂದು ಬಹಳ ಮಂದಿ ಟೀಕಿಸಿದರು. ನಿಮ್ಮ ಪತ್ರ ಓದಿದ ಮೇಲೆ ಆ ಟೀಕೆಗೆ ನಾನು ದನಿಗೂಡಿಸಲಾರೆ. ಕೌಂಟರಿನ ಹಿಂದೆ ನಿಂತವರ ಪಾಡು ಬೇರೆ. ಆದರೆ ಆ ಯೋಚನೆ ಜಾಹೀರಾತು ಬಿಡುವ ಮೊದಲೇ ಇರಬೇಕಿತ್ತು. ನಿಲುವು ತಗೊಳ್ಳುವ ಕಂಪನಿ ತನ್ನ ಮಾಲು ಮಾರುವವರ ಬೆನ್ನಿಗೂ ನಿಲ್ಲಬೇಕು.

ಆದ್ದರಿಂದ ಮುಂದಿನ ವಾರ ಏಜೆನ್ಸಿಯ ಹುಡುಗ ಆರ್ಡರ್ ಬರೆದುಕೊಳ್ಳಲು ಬಂದಾಗ ಈ ವಿಷಯ ತೆಗೆಯಿರಿ. ಉಳಿದ ಮಾಲು ವಾಪಸ್ ತಗೊಳ್ಳಿ, ಇಲ್ಲವೇ ಬಿಲ್ ಕೊಡಲು ಸಮಯ ಕೊಡಿ ಎನ್ನಿ. ಸುತ್ತಲಿನ ಅಂಗಡಿಯವರೂ ಸೇರಿ ಹೇಳಿದರೆ ಮಾತಿಗೆ ತೂಕ ಬರುತ್ತದೆ. ಓಣಿಯ ಹುಡುಗರಿಗೆ, ಜಾಹೀರಾತು ತಪ್ಪೆನಿಸಿದರೆ ಮುಂಬೈನ ಜಾಹೀರಾತು ಮಾನದಂಡ ಮಂಡಳಿಗೆ ದೂರು ಕೊಡಿ ಎನ್ನಿ. ತನಿಷ್ಕ್ ವಿರುದ್ಧದ ದೂರೂ ಅಲ್ಲಿಗೆ ಹೋಗಿತ್ತು. ಜಾಹೀರಾತು ನಿಯಮ ಮೀರಿಲ್ಲ ಎಂದು ಮಂಡಳಿ ಹೇಳಿತು. ಬೇಡವಾದದ್ದನ್ನು ಕೊಳ್ಳದಿರುವ ಹಕ್ಕು ಆ ಹುಡುಗರಿಗೆ ಖಂಡಿತ ಇದೆ. ನಿಮ್ಮ ಕಪಾಟಿನಲ್ಲಿ ಏನಿರಬೇಕು ಎಂದು ಹೆದರಿಸುವ ಹಕ್ಕಿಲ್ಲ. ಮತ್ತೆ ಬಂದು ಜೋರು ಮಾಡಿದರೆ ಸಂಕೋಚ ಬೇಡ, ಠಾಣೆಗೆ ಹೇಳಿ.

— ಸಂಪಾದಕ