ನೋಡಬಹುದು, ಕೇಳಬಾರದು

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ಮಗಳು ವೃತ್ತಿಪರ ಪರೀಕ್ಷೆಯೊಂದರ ಲೆಕ್ಕದ ಪೇಪರಿನಲ್ಲಿ ಎರಡೇ ಅಂಕದಿಂದ ನಪಾಸು. ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದರೆ ಸರಿಯುತ್ತರಕ್ಕೂ ಅಂಕ ಕಡಿತ. ಬೇಜವಾಬ್ದಾರಿ ಮೌಲ್ಯಮಾಪಕರನ್ನು ಕೇಳುವವರು ಯಾರು?)

ಪ್ರತಿಯ ಜೆರಾಕ್ಸನ್ನೂ ಲಗತ್ತಿಸಿದ್ದೀರಿ, ಒಳ್ಳೆಯದಾಯಿತು. ಪರಿಚಯದ ಆಡಿಟರ್ ಒಬ್ಬರಿಗೆ ತೋರಿಸಿದೆ. ಎಂಟು ಅಂಕದ ಪ್ರಶ್ನೆ. ಗುಡ್‌ವಿಲ್ (ವ್ಯಾಪಾರದ ಒಳ್ಳೆಯ ಹೆಸರಿಗೆ ಕಟ್ಟುವ ಬೆಲೆ) ಮೊತ್ತ ಮಾದರಿ ಉತ್ತರಕ್ಕೆ ರೂಪಾಯಿ ಬಿಡದೆ ತಾಳೆಯಾಗುತ್ತದೆ. ಆ ಮೊತ್ತ ಹೇಗೆ ಬಂತೆಂದು ತೋರಿಸುವ ವರ್ಕಿಂಗ್ ನೋಟ್ ಮಾತ್ರ ಎರಡು ಪುಟ ದಾಟಿ ಹಿಂದೆಲ್ಲೋ ಇದೆ. ಸಿಕ್ಕಿದ್ದು 3. ಆ ಪುಟ ತಿರುವಿದರೋ ಇಲ್ಲವೋ, ದೇವರೇ ಬಲ್ಲ.

ಆದರೂ ಬೈಗುಳವನ್ನೆಲ್ಲ ಮೌಲ್ಯಮಾಪಕರಿಗೇ ಮೀಸಲಿಟ್ಟದ್ದು ನನಗೆ ಹಿಡಿಸಲಿಲ್ಲ. ಕಂತೆಗಟ್ಟಲೆ ತಿದ್ದುವವರಿಗೆ ಕಣ್ತಪ್ಪುವುದುಂಟು. ಅವರ ಹೆಸರು ಗುಟ್ಟಾಗಿರಬೇಕೆಂಬುದೂ ನ್ಯಾಯವೇ. ತಪ್ಪು ಕಂಡ ಮೇಲೂ ತಿದ್ದುವುದಿಲ್ಲ ಎನ್ನುವ ನಿಯಮವಿದೆಯಲ್ಲ, ಸಿಟ್ಟು ಅದರ ಮೇಲಿರಲಿ.

ತನ್ನ ಉತ್ತರಪತ್ರಿಕೆ ನೋಡುವ ಹಕ್ಕು ಅಭ್ಯರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿತು. ಮರುತಿಂಗಳೇ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಪ್ರಕರಣದಲ್ಲಿ, ಮೌಲ್ಯಮಾಪಕರಿಗೆ ಕೊಟ್ಟ ಸೂಚನೆಗಳನ್ನು ಬಹಿರಂಗಪಡಿಸಬೇಕಿಲ್ಲ ಎಂದಿತು. ಅಳೆದದ್ದು ನೋಡಿ, ಅಳತೆಗೋಲು ಕೇಳಬೇಡಿ! ಆ ಸಂಸ್ಥೆಯ 1988ರ ನಿಯಮಾವಳಿಯಲ್ಲೂ ಮರುಮೌಲ್ಯಮಾಪನವಿಲ್ಲ. ಉತ್ತರ ಬಿಟ್ಟುಹೋಗಿದೆಯೇ, ಕೂಡುವುದರಲ್ಲಿ ತಪ್ಪಿದೆಯೇ, ಅಷ್ಟೇ ನೋಡುತ್ತಾರೆ. ಕಂಪನಿ ಸೆಕ್ರೆಟರಿಗಳ ಸಂಸ್ಥೆಯಂತೂ ಉತ್ತರಪತ್ರಿಕೆಯ ಪ್ರತಿಗೆ ವಿಷಯಕ್ಕೆ 500 ರೂಪಾಯಿ ಇಟ್ಟಿತ್ತು. ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಆ ಕಾಯ್ದೆಯ ದರವೇ, ಅಂದರೆ ಪುಟಕ್ಕೆ 2 ರೂಪಾಯಿಯೇ, ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಂಪನಿಗಳಿಗೆ ಕಾನೂನು ಪಾಲನೆ ಹೇಳಿಕೊಡುವವರಿಗೇ ಈ ಪಾಠ.

ನಮ್ಮ ರಾಜ್ಯದ ಕಥೆ ಮರೆತಿರಾ? ಅದು ನೇಮಕಾತಿ ಪರೀಕ್ಷೆ ನಿಜ, ಆದರೆ ರೋಗ ಒಂದೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಒಬ್ಬ ಅಭ್ಯರ್ಥಿಯ ಒಎಂಆರ್ (ವೃತ್ತ ತುಂಬಿ ಉತ್ತರಿಸುವ ಹಾಳೆ) ಕಾರ್ಬನ್ ಪ್ರತಿಯಲ್ಲಿ ಗುರುತು ಹಾಕಿದ್ದು 21 ಪ್ರಶ್ನೆಗೆ, ಬಂದ ಅಂಕ 121. ಕಾರ್ಬನ್ ಪ್ರತಿಯ ಪದ್ಧತಿಯೇ ಇರದಿದ್ದರೆ ಹಗರಣ ಅಷ್ಟು ಸುಲಭಕ್ಕೆ ಬಯಲಿಗೆ ಬರುತ್ತಿತ್ತೇ? ಪ್ರಾಮಾಣಿಕವಾಗಿ ಓದಿದವರು ವರ್ಷಗಟ್ಟಲೆ ಕಾದು ಸವೆದದ್ದು ಬೇರೆ.

ಮಗಳಿಗೆ ಮುಂದಿನ ಪರೀಕ್ಷೆಯ ಓದು ನಿಲ್ಲಿಸಬೇಡ ಎನ್ನಿ. ಅರ್ಜಿಯ ಕೆಲಸ ನಿಮ್ಮದಾಗಲಿ: ಆ ಎಂಟು ಅಂಕವನ್ನು ಯಾವ ಹಂತಕ್ಕೆ ಎಷ್ಟೆಂದು ಹಂಚಿದ್ದರು, ಅದೊಂದನ್ನೇ ಮಾಹಿತಿ ಹಕ್ಕಿನಲ್ಲಿ ಕೇಳಿ. ಕೊಡುವುದಿಲ್ಲವೆಂದು ಬರೆದರೆ ಆ ಉತ್ತರವನ್ನೂ ನನಗೆ ಕಳಿಸಿ, ಅಚ್ಚು ಹಾಕುತ್ತೇನೆ.

— ಸಂ.